ಎಡಕ್ಕೆ ನೋಡುವ ಹದ್ದು

ಎರೆಹಾಳ, ತಾ. ನವಲಗುಂದ
18 ಜೂನ್ 1983

ಮಾನ್ಯ ಶ್ರೀ ವಾಮನ ತಡಕೋಡ ಅವರಿಗೆ,
ನಮಸ್ಕಾರಗಳು.

ಹಳೆಯ ಮೋಟಾರುಗಳ ಬಿಡಿಭಾಗಗಳ ಮೇಲೆ ಒತ್ತಿದ ಕಂಪನಿ ಗುರುತುಗಳನ್ನು ತಾವು ಸಂಗ್ರಹಿಸುತ್ತಿರುವ ವಿಷಯ, ಯಾವ ಭಾಗ ಎಲ್ಲಿ ತಯಾರಾದದ್ದು ಎಂದು ಪತ್ತೆ ಹಚ್ಚುವ ವಿಷಯ ಪತ್ರಿಕೆಯಲ್ಲಿ ಓದಿದೆ. ಪತ್ರಿಕೆ ಹಳೆಯದು. ನಮ್ಮ ಶಾಲೆಯ ಗಡಿಯಾರ ಹುಬ್ಬಳ್ಳಿಗೆ ರಿಪೇರಿಗೆ ಹೋಗಿ ಬರುವಾಗ ಅದನ್ನು ಸುತ್ತಿಕೊಂಡು ಬಂದಿತ್ತು. ಅದರಲ್ಲಿದ್ದ ವಿಳಾಸಕ್ಕೆ ಬರೆಯುತ್ತಿದ್ದೇನೆ. ತಾವು ಇನ್ನೂ ಅಲ್ಲೇ ಇರುವಿರೆಂದು ನಂಬಿದ್ದೇನೆ.

ಗುರುತಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಕಳಿಸಲು ಹೇಳಿದ್ದೀರಿ. ಹಾಗೆಯೇ ಮಾಡಿ ಲಗತ್ತಿಸಿದ್ದೇನೆ. ರೆಕ್ಕೆ ಬಿಚ್ಚಿದ ಒಂದು ಹದ್ದು, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಬ್ರೆಂಟ್‌ಹಾಮ್’ ಎಂಬ ಹೆಸರು. ಭಾಗ ಒಂದು ಗೇಣು ಉದ್ದವಿದೆ, ತಕ್ಕಡಿಯ ದಂಡಿಯ ಹಾಗೆ. ನಡುವೆ ಒಂದು ಕೀಲು. ಬ್ರೇಕಿಗೆ ಸಂಬಂಧಪಟ್ಟದ್ದು ಎನ್ನುತ್ತಾರೆ.

ಇದು ಅಸಲಿಯೋ ನಕಲಿಯೋ ಎಂಬುದಷ್ಟೇ ತಿಳಿಯಬೇಕಾಗಿದೆ. ದೊಡ್ಡ ಕಾರಣವೇನಿಲ್ಲ. ವಸ್ತು ಬಹಳ ವರ್ಷಗಳಿಂದ ನಮ್ಮಲ್ಲಿ ಬಿದ್ದಿದೆ.

ತಮ್ಮ ವಿಶ್ವಾಸಿ,
ಗುಡದಪ್ಪ ಹೊಸಮನಿ
ಸಹಶಿಕ್ಷಕ


ಮಾಟುಂಗಾ, ಮುಂಬಯಿ
4 ಜುಲೈ 1983

ಪ್ರಿಯ ಹೊಸಮನಿ ಮಾಸ್ತರರಿಗೆ,

ನಿಮ್ಮ ಕಾಗದ ಕೈಗೆ ಬಂದಾಗ ಮೊದಲು ಗುರುತನ್ನು ನೋಡಲಿಲ್ಲ, ಊರಿನ ಹೆಸರನ್ನು ನೋಡಿದೆ. ನಾನು ಅಣ್ಣಿಗೇರಿಯವನು. ಬಿಟ್ಟು ಎಷ್ಟೋ ಕಾಲವಾಯಿತು. ಮನೆಯಲ್ಲಿ ಕನ್ನಡ ಮಾತನಾಡುವವರು ಈಗ ಯಾರೂ ಇಲ್ಲ, ಮೊದಲು ಒಬ್ಬರಿದ್ದರು. ಆದ್ದರಿಂದ ಈ ಕಾಗದ ಅಗತ್ಯಕ್ಕಿಂತ ಉದ್ದವಾದರೆ ತಾಳಿಕೊಳ್ಳಿ.

ಹಳೆಯ ಗಾಡಿಗಳ ಮೇಲೆ ಒಬ್ಬರ ಹೆಸರು ಇರುತ್ತಿತ್ತು, ಒಳಗಿನ ಭಾಗಗಳನ್ನು ಬೇರೆ ಬೇರೆಯವರು ಮಾಡಿ ಕೊಡುತ್ತಿದ್ದರು. ದೀಪ ಒಬ್ಬರದು, ಬ್ರೇಕು ಒಬ್ಬರದು. ಹೆಸರಿಲ್ಲದ ಈ ಎರಡನೆಯವರನ್ನು ಹುಡುಕುವುದು ನನ್ನ ಹವ್ಯಾಸ. ನಿಮ್ಮಲ್ಲಿರುವುದು ಬ್ರೇಕಿನ ಎಳೆತವನ್ನು ಎಡಬಲದ ಗಾಲಿಗಳಿಗೆ ಸಮನಾಗಿ ಹಂಚುವ ಭಾಗ. ನಡುವಿನ ಕೀಲು ಸಡಿಲವಾಗಿ ಆಡುತ್ತಿರಬೇಕು, ಅದೇ ಅದರ ಜೀವ. ಬ್ರೆಂಟ್‌ಹಾಮ್ ಇಂಗ್ಲೆಂಡಿನ ಸಣ್ಣ ಕಂಪನಿ, ಈಗಿಲ್ಲ.

ಒಂದು ತೊಡಕಿದೆ. ನಾನು ಇದುವರೆಗೆ ನೋಡಿದ ಬ್ರೆಂಟ್‌ಹಾಮ್ ಹದ್ದುಗಳೆಲ್ಲ ಬಲಕ್ಕೆ ನೋಡುತ್ತವೆ. ನಿಮ್ಮದು ಎಡಕ್ಕೆ ನೋಡುತ್ತದೆ. ಯುದ್ಧದ ಕಾಲದಲ್ಲಿ ಹಡಗು ಬಾರದಾದಾಗ ನಮ್ಮ ದೇಶದ ಸಣ್ಣಪುಟ್ಟ ಕಾರಖಾನೆಗಳಲ್ಲಿ ಇಂಥವನ್ನು ಎರಕ ಹೊಯ್ದು ವಿಲಾಯಿತಿ ಗುರುತು ಒತ್ತಿ ಮಾರುತ್ತಿದ್ದರು. ಅಸಲಿಯನ್ನು ಎದುರಿಗಿಟ್ಟುಕೊಂಡು ಅಚ್ಚು ಕೆತ್ತುವವನು ಅಕ್ಷರಗಳನ್ನು ಮಾತ್ರ ಎಚ್ಚರದಿಂದ ತಿರುಗಿಸಿ ಕೆತ್ತುತ್ತಾನೆ, ಹಕ್ಕಿಯನ್ನು ಮರೆಯುತ್ತಾನೆ. ಹಕ್ಕಿ ಮುಖ ತಿರುಗಿಸಿಬಿಡುತ್ತದೆ. ಹಾಗಾಗಿ ನಿಮ್ಮದು ನಕಲಿ ಇರಬೇಕು. ಮಾರುವ ಉದ್ದೇಶವಿದ್ದರೆ ನಿಮಗೆ ನಿರಾಸೆಯಾದೀತು. ಆದರೂ ಕೈಯಲ್ಲಿ ಹಿಡಿದು ನೋಡದೆ ಖಚಿತ ಹೇಳಲಾರೆ. ಟಪಾಲಿನಲ್ಲಿ ಕಳಿಸಿದರೆ ನೋಡಿ ಹಿಂದಿರುಗಿಸುತ್ತೇನೆ.

ನಿಮ್ಮವ,
ವಾಮನ ತಡಕೋಡ


ಎರೆಹಾಳ
27 ಜುಲೈ 1983

ಮಾನ್ಯರಿಗೆ ನಮಸ್ಕಾರಗಳು.

ಮಾರುವ ಉದ್ದೇಶವಿಲ್ಲ. ನಿನ್ನೆ ನವಲಗುಂದಕ್ಕೆ ಹೋಗಿ ಭಾಗವನ್ನು ಪಾರ್ಸಲ್ ಮಾಡಿದ್ದೇನೆ. ಕಾರಣ ಹೇಳದೆ ತಮ್ಮಿಂದ ಕೆಲಸ ತೆಗೆದುಕೊಳ್ಳುವುದು ಸರಿಯಲ್ಲ ಎನ್ನಿಸಿ ಬರೆಯುತ್ತಿದ್ದೇನೆ.

ಇದು ನಮ್ಮ ಊರಿನ ಹಿರಿಯರೊಬ್ಬರ ವಸ್ತು. ಹೆಸರು ಉಡಚಪ್ಪ. ಯುದ್ಧದಲ್ಲಿ ಬರ್ಮಾದ ಕಡೆ ಮಿಲಿಟರಿ ಲಾರಿ ಓಡಿಸಿ ಬಂದವರು. ಬಂದ ಮೇಲೆ ವಾಡೆಯ ಗೌಡರು ತಮ್ಮ ಮೋಟಾರಿಗೆ ಇಟ್ಟುಕೊಂಡರು. ನಮ್ಮ ಕೇರಿಯವರು ಗಾಡಿಯ ಚಕ್ರ ಹಿಡಿಯಬಹುದಿತ್ತು, ವಾಡೆಯ ಹೊಸ್ತಿಲು ದಾಟುವಂತಿರಲಿಲ್ಲ. 1952ರ ಬೇಸಿಗೆಯಲ್ಲಿ ಈ ಭಾಗ ಸವೆದು, ಗೌಡರು ಉಡಚಪ್ಪನವರನ್ನೇ ಹುಬ್ಬಳ್ಳಿಗೆ ಕಳಿಸಿ ಹೊಸದು ತರಿಸಿದರು. ದಸರೆ ಮುಗಿದ ಮೇಲೆ ಉಡಚಪ್ಪನವರು ಗೌಡರ ಮಗಳು ಸರಸಕ್ಕನನ್ನು ಹರಕೆ ತೀರಿಸಲು ಯಮನೂರಿಗೆ ಕರೆದೊಯ್ಯುತ್ತಿದ್ದರು. ಒಂಬತ್ತು ವರ್ಷದ ಹುಡುಗಿ. ಬೆಣ್ಣಿಹಳ್ಳದ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಗಾಡಿ ಒಂದೇ ಕಡೆಗೆ ಎಳೆದು ಹಳ್ಳಕ್ಕೆ ಬಿತ್ತು. ಹುಡುಗಿ ಉಳಿಯಲಿಲ್ಲ. ಕೋರ್ಟು ಉಡಚಪ್ಪನವರನ್ನು ಬಿಟ್ಟಿತು. ಊರು ಬಿಡಲಿಲ್ಲ.

ನಕಲಿ ಭಾಗ ತಂದು ಉಳಿದ ರೊಕ್ಕ ಹೊಡೆದ, ಅದರಿಂದ ಮಗಳು ಸತ್ತಳು ಎಂದು ವಾಡೆಯವರು. ಅಂಗಡಿಯವನು ಅಸಲಿ ಅಂತ ಹೇಳಿ ನನಗೇ ಮೋಸ ಮಾಡಿದ ಎಂದು ಇವರು. ನಕಲಿ ಎಂಬುದರಲ್ಲಿ ಇಬ್ಬರಿಗೂ ಜಗಳವಿಲ್ಲ. ಅವರ ಹೆಂಡತಿ ಸಣ್ಣವ್ವ ಇಂದಿಗೂ ಬಾವಿಕಟ್ಟೆಯಲ್ಲಿ ಯಾರಾದರೂ ‘ಕಳ್ಳ’ ಅಂದರೆ ಕೊಡ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಾರೆ.

ಹದ್ದಿನ ಸಂಗತಿಯನ್ನು ಉಡಚಪ್ಪನವರಿಗೆ ಓದಿ ಹೇಳಿದೆ. ಹಗ್ಗ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು. “ನೋಡ್ಲೇ, ಅಷ್ಟ ದೊಡ್ಡ ಸಾಹೇಬ್ರಿಗೆ ಹಕ್ಕಿ ಮಾರಿ ನೋಡಿ ಹೇಳಬೇಕಾತು. ಹುಬ್ಬಳ್ಳಿ ಅಂಗಡ್ಯಾಗ ನಿಂತ ನಾ ಏನ್ ಹಕ್ಕಿ ಮಾರಿ ನೋಡ್ಲೆ, ಕೋಳಿ ಯಾಪಾರಕ್ಕ ಹೋಗಿದ್ನೇನು?” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ನಕಲಿ ಎಂದು ತಮ್ಮ ಸಹಿಯಲ್ಲಿ, ಅದನ್ನು ಗುರುತು ಹಿಡಿಯುವುದು ಸಾಮಾನ್ಯರಿಗೆ ಆಗದ ಮಾತೆಂದು, ನಾಲ್ಕು ಸಾಲು ಬರೆದು ಕೊಟ್ಟರೆ ಅವರಿಗೆ ಸಾಕು.

ಗುಡದಪ್ಪ ಹೊಸಮನಿ


ಮುಂಬಯಿ
9 ಸೆಪ್ಟೆಂಬರ್ 1983

ಪ್ರಿಯ ಮಾಸ್ತರರೇ,

ಪಾರ್ಸಲ್ ತಲುಪಿ ತಿಂಗಳಾಯಿತು. ತಡಕ್ಕೆ ಕಾರಣ ನನ್ನ ನೌಕರಿ. ವಿಮಾ ಕಂಪನಿಯೊಂದರಲ್ಲಿದ್ದೇನೆ. ಜಖಂ ಆದ ಗಾಡಿಗಳನ್ನು ನೋಡಿ ತಪ್ಪು ಯಾರದೆಂದು ಬರೆಯುವುದು ನನ್ನ ಕೆಲಸ. ಸಾಮಾನ್ಯವಾಗಿ ಚಾಲಕನದು. ಹಾಗೆ ಬರೆದರೆ ಎಲ್ಲರಿಗೂ ಅನುಕೂಲ.

ನಿಮ್ಮ ಭಾಗವನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ನಡುವಿನ ಕೀಲು ಅಲ್ಲಾಡುವುದಿಲ್ಲ. ತುಕ್ಕು ಹಿಡಿದಿರಬೇಕೆಂದುಕೊಂಡೆ, ತುಕ್ಕಲ್ಲ. ಒಳಗೆ ಕಂದು ಬಣ್ಣದ, ಗಾಜಿನಂತೆ ಗಟ್ಟಿಯಾದ ಒಂದು ಪದರವಿದೆ. ಸ್ಟೋವಿನ ಮೇಲೆ ಸ್ವಲ್ಪ ಕಾಯಿಸಿದೆ. ಎದ್ದ ವಾಸನೆಗೆ ನಾನು ಅಡಿಗೆಮನೆಯಲ್ಲೇ ಕುಳಿತುಬಿಟ್ಟೆ. ಕುಸುಬಿ ಎಣ್ಣೆ. ಅಣ್ಣಿಗೇರಿಯಲ್ಲಿ ನಮ್ಮವ್ವ ಒಗ್ಗರಣೆಗೆ ಇಡುತ್ತಿದ್ದ ಎಣ್ಣೆ. ಈ ಊರಿನಲ್ಲಿ ಆ ವಾಸನೆ ನನಗೆ ಇದುವರೆಗೆ ಸಿಕ್ಕಿರಲಿಲ್ಲ.

ಕುಸುಬಿ ಎಣ್ಣೆ ತಿನ್ನಲು ಒಳ್ಳೆಯದು, ಯಂತ್ರಕ್ಕೆ ಕೆಟ್ಟದ್ದು. ಗಾಳಿಗೆ ಬಿಟ್ಟರೆ ಒಣಗಿ, ಮರಕ್ಕೆ ಬಳಿಯುವ ರೋಗಾನಿನಂತೆ ಗಟ್ಟಿಯಾಗುತ್ತದೆ. ಗಾಡಿ ನಾಲ್ಕಾರು ತಿಂಗಳು ನಿಂತಿದ್ದರೆ ಸಾಕು, ಕೀಲು ಕಚ್ಚಿಕೊಳ್ಳುತ್ತದೆ. ಆಗ ಬ್ರೇಕಿನ ಎಳೆತ ಒಂದೇ ಕಡೆಯ ಗಾಲಿಗೆ ಹೋಗುತ್ತದೆ. ಗಾಡಿ ಒಂದೇ ಕಡೆಗೆ ಎಳೆಯಿತೆಂದು ಆ ಉಡಚಪ್ಪನವರು ಹೇಳಿದ್ದು ನೂರಕ್ಕೆ ನೂರು ಸರಿ. ಭಾಗ ನಕಲಿಯೇ ಆಗಿರಲಿ ಅಸಲಿಯೇ ಆಗಿರಲಿ, ಗಾಡಿ ಎಳೆದದ್ದು ಎಣ್ಣೆಯಿಂದ. ಯಾರೋ ತಿಳಿಯದ ಮೆಕ್ಯಾನಿಕ್ ಹಚ್ಚಿದ್ದಾನೆ. ಪಾಪ, ಬಯ್ಗುಳ ಚಾಲಕನಿಗೆ. ಇದನ್ನು ಅವರಿಗೆ ತಪ್ಪದೆ ಹೇಳಿ, ಹಗುರಾದಾರು.

ಇನ್ನು ಅಸಲಿ ನಕಲಿಯ ಪ್ರಶ್ನೆ. ಕೈಯಲ್ಲಿ ಹಿಡಿದ ಮೇಲೆ ನನ್ನ ಮೊದಲಿನ ಮಾತು ಅಲುಗಾಡುತ್ತಿದೆ. ಕಬ್ಬಿಣ ಬಹಳ ಒಳ್ಳೆಯದು, ನಕಲಿ ಮಾಡುವವರು ಇಷ್ಟು ಕಷ್ಟಪಡುವುದಿಲ್ಲ. ಕೊಲ್ಲಾಪುರದಲ್ಲಿ ಹಳೆಯ ಗಾಡಿಗಳನ್ನೂ ಬಿಡಿಭಾಗಗಳನ್ನೂ ಕಾಪಾಡಿಟ್ಟ ಒಂದು ಮೋಟಾರು ಮನೆಯಿದೆ. ಅಲ್ಲಿಗೆ ಹೋಗಿ ನೋಡುವ ತನಕ ಏನೂ ಬರೆದುಕೊಡುವುದಿಲ್ಲ.

ವಾಮನ ತಡಕೋಡ


ಎರೆಹಾಳ
20 ಡಿಸೆಂಬರ್ 1983

ಮಾನ್ಯರಿಗೆ,

ತಮ್ಮ ಕಾಗದ ತಲುಪಿದೆ. ಶಾಲೆಯ ಕೆಲಸದಿಂದ ಉತ್ತರ ತಡವಾಯಿತು. ಹತ್ತಿ ಬಿಡಿಸುವ ಕಾಲ, ಮಕ್ಕಳು ಶಾಲೆಗೆ ಬರುವುದಿಲ್ಲ, ಮನೆಮನೆಗೆ ಹೋಗಿ ಕರೆತರಬೇಕು.

ತಾವು ಕೊಲ್ಲಾಪುರಕ್ಕೆ ಹೋಗುವ ತೊಂದರೆ ತೆಗೆದುಕೊಳ್ಳಬೇಡಿ. ತಾವು ಮೊದಲು ಬರೆದ ನಕಲಿ ಎಂಬ ಮಾತೇ ಇಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿದೆ. ಹಾಗೆ ನಾಲ್ಕು ಸಾಲು ಬರೆದು, ಭಾಗವನ್ನು ಹಿಂದಿರುಗಿಸಬೇಕಾಗಿ ವಿನಂತಿ. ಬೇರೆ ವಿಶೇಷವಿಲ್ಲ.

ಗು. ಹೊಸಮನಿ


ಮುಂಬಯಿ
16 ಜನವರಿ 1984

ಪ್ರಿಯ ಮಾಸ್ತರರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ, ಬೇಗ ಮುಗಿಯಿತೆಂದು. ಎಣ್ಣೆಯ ಮಾತಿಗೆ ನೀವು ಏನೂ ಬರೆದಿಲ್ಲ. ಬೇರೆಯವರ ಕೆಲಸ ಮೈಮೇಲೆ ಹಾಕಿಕೊಂಡು ಬೇಸತ್ತಿದ್ದೀರಿ ಎಂದು ತಿಳಿದೆ. ತಪ್ಪಿಲ್ಲ. ಸೆಪ್ಟೆಂಬರಿನಿಂದ ನಾನು ಸಂಜೆ ಬಂದ ಕೂಡಲೇ ಟಪಾಲು ಡಬ್ಬಿ ನೋಡುತ್ತಿದ್ದೆ ಎಂಬುದು ನಿಮಗೆ ಸಂಬಂಧಿಸಿದ್ದಲ್ಲ.

ನಾನು ಕೊಲ್ಲಾಪುರಕ್ಕೆ ಹೋದೆ. ಹೋಗಬೇಡಿ ಎಂದರೆ ನಿಲ್ಲುವ ಸ್ವಭಾವ ನನ್ನದಲ್ಲ. ಆ ಮೋಟಾರು ಮನೆಯನ್ನು ನೋಡಿಕೊಳ್ಳುವವರು ಅಬ್ದುಲ್‌ಸಾಬ, ಕುಂದಗೋಳದವರು. ಭಾಗವನ್ನು ಕೈಗೆ ಕೊಟ್ಟು ಹದ್ದು ಎಡಕ್ಕೆ ನೋಡುತ್ತದಲ್ಲ ಎಂದೆ. “ಅಲ್ರಿ ಸಾಹೇಬ್ರ, ಹದ್ದಿಗೂ ಕುತ್ತಿಗಿ ನೋಯತೈತ್ರಿ. ಎಷ್ಟ್ ವರ್ಸ ಒಂದ ಕಡೆ ನೋಡಬೇಕದು?” ಎಂದರು. ಕಪಾಟಿನಿಂದ ಒಂದು ಪೆಟ್ಟಿಗೆ ತಂದರು. ಕಂಪನಿಯ ಮೊಹರು ಒಡೆದಿರಲಿಲ್ಲ. ನನ್ನ ಎದುರಿಗೇ ಒಡೆದು, ಮೇಣದ ಕಾಗದ ಬಿಚ್ಚಿದರು. ಅದೇ ಭಾಗ, ಎಡಕ್ಕೆ ನೋಡುವ ಅದೇ ಹದ್ದು. ಯುದ್ಧದಲ್ಲಿ ಬಾಂಬು ಬಿದ್ದು ಬ್ರೆಂಟ್‌ಹಾಮ್ ಕಾರಖಾನೆ ಸುಟ್ಟಿತಂತೆ. ಆಮೇಲೆ ಹೊಸ ಅಚ್ಚು ಮಾಡಿಸಿದಾಗ ಹಕ್ಕಿಯನ್ನು ತಿರುಗಿಸಿದರು.

ನಿಮ್ಮ ಊರಿನ ಹಿರಿಯರು ತಂದದ್ದು ಅಸಲಿ, ಮಾಸ್ತರರೇ. ಒಂದು ಕಾಸೂ ಹೊಡೆದಿಲ್ಲ. ಇಷ್ಟು ವರ್ಷ ಅವರು ಸುಮ್ಮನೆ ಕಳ್ಳ ಎನ್ನಿಸಿಕೊಂಡರು.

ನಿಮಗೆ ಇನ್ನೂ ತೊಂದರೆ ಕೊಡಬಾರದೆಂದು, ಹೀಗೆಂದು ಸಹಿ ಮಾಡಿದ ಕಾಗದವನ್ನು ನೇರವಾಗಿ ಉಡಚಪ್ಪನವರ ಹೆಸರಿಗೇ ಹಾಕಿದ್ದೇನೆ. ಸಣ್ಣ ಊರು, ವಿಳಾಸ ಬೇಕಾಗಲಿಕ್ಕಿಲ್ಲ. ಭಾಗ ಇನ್ನೂ ಸ್ವಲ್ಪ ದಿನ ನನ್ನ ಬಳಿ ಇರಲಿ.

ವಾಮನ ತಡಕೋಡ


ಎರೆಹಾಳ
2 ಫೆಬ್ರುವರಿ 1984

ತಡಕೋಡ ಅವರಿಗೆ,

ಉಡಚಪ್ಪ ನನ್ನ ಅಪ್ಪ.

ಮೊದಲೇ ಬರೆಯಬೇಕಿತ್ತು. ಮಗನೇ ಕೇಳುತ್ತಿದ್ದಾನೆಂದು ತಿಳಿದರೆ ತಾವು ಮುಲಾಜಿಗೆ ಬರೆದುಕೊಟ್ಟೀರಿ ಅಥವಾ ಏನೂ ಬರೆಯದೆ ಬಿಟ್ಟೀರಿ ಎಂದು ಅಂಜಿ ಮುಚ್ಚಿಟ್ಟೆ.

ತಮ್ಮ ಕಾಗದ ಬಂದಾಗ ನಾನು ಶಾಲೆಯಲ್ಲಿದ್ದೆ. ಅಪ್ಪನಿಗೂ ಅವ್ವನಿಗೂ ಓದು ಬಾರದು. ಟಪಾಲು ಹೊಳೆಪ್ಪ ನಮ್ಮ ಬಾಗಿಲಲ್ಲಿ ನಿಂತು ಇಡೀ ಕೇರಿಗೆ ಕೇಳುವಂತೆ ಓದಿದನಂತೆ. “ಉಡಚಪ್ಪ ಕಾಕಾ, ಮುಂಬೈದಿಂದ ಸರ್ಟಿಪಿಕೇಟ್ ಬಂದೈತಿ! ನೀ ಕಳ್ಳ ಅಲ್ಲಂತ. ಇಷ್ಟ್ ವರ್ಸ ಪುಕ್ಕಟೆ ಬೈಸ್ಕೊಂಡಿ ನೋಡು. ಒಂದ್ ಕಪ್ ಚಾ ಆದ್ರೂ ಹಾಕ್ಸೋ ಮಾರಾಯಾ.” ನಮ್ಮವ್ವ ಸಣ್ಣವ್ವ ಓಣಿಗೆಲ್ಲ ಬೆಲ್ಲ ಹಂಚಿದಳು. “ನಾ ಹೇಳಿದ್ದಿಲ್ಲೇನು? ನನ್ನ ಗಂಡ ಮಂದಿ ರೊಕ್ಕ ಮುಟ್ಟಾಂವಲ್ಲ ಅಂತ ಬಡಕೊಂಡಿದ್ದಿಲ್ಲೇನು?”

ಸಂಜೆ ನಾನು ಮನೆಗೆ ಬಂದಾಗ ಅವ್ವ ಇನ್ನೂ ಅದೇ ಹಿಗ್ಗಿನಲ್ಲಿದ್ದಳು. ಅಪ್ಪ ಗೋಡೆ ಕಡೆ ಮುಖ ಮಾಡಿ ಕುಳಿತಿದ್ದ. ರೊಟ್ಟಿ ಬಡಿಯುತ್ತಿದ್ದ ಅವ್ವ ನಡುವೆ ಕೈ ನಿಲ್ಲಿಸಿ ಕೇಳಿದಳು: “ಅಲ್ಲಾ, ಅದು ಅಸಲಿ ಇತ್ತಂದ್ರ, ಮತ್ತ ಗಾಡಿ ಯಾಕ ಹಳ್ಳಕ್ಕ ಹೋತು?”

“ಸುಮ್ನ ಕುಂದ್ರಬೇ” ಎಂದ ಅಪ್ಪ.

ತಮ್ಮ ಸೆಪ್ಟೆಂಬರಿನ ಕಾಗದ ನನ್ನ ಟ್ರಂಕಿನಲ್ಲಿದೆ. ಯಾರಿಗೂ ಓದಿ ಹೇಳಿಲ್ಲ. ತಾವು ಯಾರೋ ಮೆಕ್ಯಾನಿಕ್ ಎಂದು ಬರೆದಿರಿ. ಎರೆಹಾಳದಲ್ಲಿ ಎಲ್ಲಿಯ ಮೆಕ್ಯಾನಿಕ್? ಗಾಡಿ ಓಡಿಸಿದವನೂ ತೊಳೆದವನೂ ಕಳಚಿ ಜೋಡಿಸಿದವನೂ ನಮ್ಮ ಅಪ್ಪನೇ. ಕುಸುಬಿ ಎಣ್ಣೆ ನಮ್ಮ ಮನೆಯದು. ಎರೆಭೂಮಿಯಲ್ಲಿ ಮಳೆ ಹಿಡಿದರೆ ಚಕ್ಕಡಿಯೇ ಹೂಳುತ್ತದೆ, ಮೋಟಾರು ಎಲ್ಲಿ ಹೋಗಬೇಕು. ಜೂನಿನ ಮಿರಗದ ಮಳೆಗೆ ವಾಡೆಯ ಹಿಂದೆ ನಿಂತ ಗಾಡಿ ದಸರೆಯ ತನಕ ನಿಂತೇ ಇತ್ತು. ಅಂದು ಯಮನೂರಿಗೆ ಹೊರಟದ್ದು ಮಳೆಗಾಲ ಕಳೆದ ಮೇಲಿನ ಮೊದಲ ಸಲ.

ಅಂಗಡಿಯವನು ಮೋಸ ಮಾಡಿದ ಎಂಬ ಒಂದು ಮಾತಿಗೆ ಬೆನ್ನು ಕೊಟ್ಟು ಅಪ್ಪ ಇಷ್ಟು ವರ್ಷ ಕುಳಿತಿದ್ದ. ತಾವು ಆ ಗೋಡೆಯನ್ನು ತೆಗೆದಿರಿ. ಒಳ್ಳೆಯ ಮನಸ್ಸಿನಿಂದಲೇ ತೆಗೆದಿರಿ, ಗೊತ್ತು.

ಹಿಂದಿನ ಕಾಗದ ತಪ್ಪು, ಭಾಗ ನಕಲಿಯೇ ಎಂದು ಇನ್ನೊಂದು ಕಾಗದ ಬರೆಯಿರಿ. ಅಪ್ಪನ ಹೆಸರಿಗೇ ಬರೆಯಿರಿ.

ಗುಡದಪ್ಪ


ಮುಂಬಯಿ
25 ಫೆಬ್ರುವರಿ 1984

ಪ್ರಿಯ ಗುಡದಪ್ಪನವರೇ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಇದೂ ಸರಿಯಿಲ್ಲ.

ನೀವು ಕೇಳಿದ್ದು ಸಣ್ಣದು. ನನ್ನ ಕಚೇರಿಯಲ್ಲಿ ನಾನು ದಿನವೂ ಬರೆಯುವುದರ ಮುಂದೆ ಅದು ಸುಳ್ಳೇ ಅಲ್ಲ. ಆದರೆ ಮನೆಗೆ ಬಂದು ಈ ಗುರುತುಗಳ ಮುಂದೆ ಕುಳಿತಾಗ ಅಲ್ಲಿ ಯಾರ ಅನುಕೂಲವೂ ಇರುವುದಿಲ್ಲ. ಒಂದು ಕಬ್ಬಿಣದ ತುಂಡು, ಅದು ಹುಟ್ಟಿದ ಜಾಗ. ಬೇರೆ ಎಲ್ಲದರ ವಿಷಯದಲ್ಲಿ ಸೋತವನಿಗೆ ಒಂದು ಮೂಲೆಯಾದರೂ ಚೊಕ್ಕಟವಿರಬೇಕೆನ್ನಿಸುತ್ತದೆ. ಆ ಮೂಲೆಯನ್ನು ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ.

ನಿಮ್ಮ ತಂದೆಗೆ ಇದ್ದದ್ದನ್ನು ಹೇಳಿಬಿಡಿ. ಅವರು ಬೇಕೆಂದು ಮಾಡಿದ್ದಲ್ಲ. ತಿಳಿಯದೆ ಆದದ್ದು ತಪ್ಪಲ್ಲ. ಸತ್ಯ ಕೇಳಿದ ಮೇಲೆ ಕೆಲವು ದಿನ ಕಷ್ಟವಾದೀತು, ಆಮೇಲೆ ಮನಸ್ಸು ತಿಳಿಯಾಗುತ್ತದೆ.

ವಾಮನ ತಡಕೋಡ


ಎರೆಹಾಳ
20 ಮಾರ್ಚ್ 1984

ತಡಕೋಡ ಅವರಿಗೆ,

ತಿಳಿಯದೆ ಆದದ್ದು ತಪ್ಪಲ್ಲ ಎಂದು ಬರೆದಿದ್ದೀರಿ. ಮುಂಬಯಿಯಲ್ಲಿ ಕುಳಿತು ಹಾಗೆ ಬರೆಯಬಹುದು.

ಸರಸಕ್ಕ ಯಾವಾಗಲೂ ಮುಂದಿನ ಸೀಟಿನಲ್ಲಿ ಅಪ್ಪನ ಬಾಜು ಕುಳಿತು ಹಾರ್ನಿನ ರಬ್ಬರು ಹಿಸುಕುತ್ತಿದ್ದಳಂತೆ. ಅಂದು ಹಳ್ಳದಿಂದ ಅವಳನ್ನು ಎತ್ತಿಕೊಂಡು ಅಪ್ಪ ವಾಡೆಯ ತನಕ ಓಡಿ ಬಂದ. ಹೊಸ್ತಿಲ ಹೊರಗೆ ನಿಂತ. ಒಳಗಿನಿಂದ ಯಾರಾದರೂ ಬಂದು ತೆಗೆದುಕೊಳ್ಳುವ ತನಕ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಇದನ್ನು ಅಪ್ಪ ಹೇಳಲಿಲ್ಲ, ನೋಡಿದವರು ಹೇಳಿದ್ದು. ಅಂಥವನಿಗೆ, ಅವಳನ್ನು ಕೊಂದದ್ದು ನಮ್ಮ ಮನೆಯ ಎಣ್ಣೆ ಎಂದು ನಾನು ಯಾವ ಬಾಯಿಂದ ಹೇಳಲಿ? ಕಳ್ಳ ಎನ್ನಿಸಿಕೊಳ್ಳುವುದು ಅಪ್ಪನಿಗೆ ರೂಢಿಯಾಗಿದೆ. ಇದು ರೂಢಿಯಾಗುವುದಿಲ್ಲ.

ಅವ್ವ ಕೇಳುವುದನ್ನು ಬಿಟ್ಟಿಲ್ಲ. ಅವಳಿಗೆ ಈಗ ಅದೇ ಗುಂಗು. ನವಲಗುಂದದ ಬಸ್ಸಿನ ಡ್ರೈವರನನ್ನು ಕೇಳಿದಳು, ಕಮ್ಮಾರನನ್ನು ಕೇಳಿದಳು: “ಅಸಲಿ ಸಾಮಾನ ಇದ್ರೂ ಬ್ರೇಕ್ ಯಾಕ ಹಿಡಿಯೂದಿಲ್ಲಪಾ?” ಕಮ್ಮಾರ ಏನೇನೋ ಕಾರಣ ಹೇಳುತ್ತಾನೆ. ಅವಳು ಬಂದು ಅಪ್ಪನಿಗೆ ಹೇಳುತ್ತಾಳೆ. ಅಪ್ಪ ಎದ್ದು ಹೊರಗೆ ಹೋಗುತ್ತಾನೆ. ಹಗ್ಗ ಹೊಸೆಯುವುದನ್ನು ಬಿಟ್ಟಿದ್ದಾನೆ. “ಮಾವಾರ ಕೈ ನಿಂತ ಮ್ಯಾಲೆ ಮನ್ಯಾಗ ಉಸರ ಇಲ್ಲದಂಗ ಆಗೇತ್ರಿ” ಎನ್ನುತ್ತಾಳೆ ನನ್ನ ಹೆಂಡತಿ ಫಕೀರವ್ವ.

ತಮ್ಮ ಮೂಲೆ ಚೊಕ್ಕಟವಿರಲಿ. ಇನ್ನು ಬರೆದು ತೊಂದರೆ ಕೊಡುವುದಿಲ್ಲ.

ಗುಡದಪ್ಪ ಹೊಸಮನಿ


ಮುಂಬಯಿ
14 ಆಗಸ್ಟ್ 1984

ಶ್ರೀ ಉಡಚಪ್ಪ ಹೊಸಮನಿ ಅವರಿಗೆ,
ಮುಂಬಯಿಯಿಂದ ವಾಮನ ತಡಕೋಡ ಮಾಡುವ ನಮಸ್ಕಾರಗಳು.

ಜನವರಿಯಲ್ಲಿ ನಿಮಗೆ ಬರೆದ ಕಾಗದದಲ್ಲಿ ನನ್ನಿಂದ ತಪ್ಪಾಗಿದೆ. ನಿಮ್ಮ ಮೋಟಾರಿನ ಭಾಗವನ್ನು ಅಸಲಿ ಎಂದು ಬರೆದಿದ್ದೆ. ಮತ್ತೆ ಪರೀಕ್ಷೆ ಮಾಡಿದೆ. ಅದು ನಕಲಿ. ಹಕ್ಕಿಯ ಮುಖ ತಿರುವಾಗಿದೆ. ಕಬ್ಬಿಣವೂ ಹಲಕಟ್ಟು, ಒಳಗೆ ಬಿರುಕಿದೆ. ಇಂಥ ಭಾಗ ಹಾಕಿದ ಗಾಡಿ ಯಾವತ್ತಾದರೂ ಒಂದು ಕಡೆ ಎಳೆಯಲೇಬೇಕು. ಎಂಥ ಚಾಲಕನಿದ್ದರೂ ತಡೆಯಲು ಆಗುತ್ತಿರಲಿಲ್ಲ.

ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇದೇ ಕೆಲಸದಲ್ಲಿರುವ ನಾನೇ ಮೋಸಹೋದೆ. ಅಂಗಡಿಯಲ್ಲಿ ನಿಂತು ನೀವು ಗುರುತು ಹಿಡಿಯುವುದು ಸಾಧ್ಯವಿರಲಿಲ್ಲ.

ಜಖಂ ಆದ ಗಾಡಿಗಳನ್ನು ನೋಡಿ ತಪ್ಪು ಯಾರದೆಂದು ಬರೆಯುವುದು ನನ್ನ ನೌಕರಿ. ಅದೇ ರೀತಿಯಲ್ಲಿ ಬರೆಯುತ್ತಿದ್ದೇನೆ: ಈ ಅಪಘಾತದಲ್ಲಿ ಚಾಲಕನ ತಪ್ಪಿಲ್ಲ. ಈ ವಾಕ್ಯವನ್ನು ಬರೆಯುವ ಸಂದರ್ಭ ನನಗೆ ಬಂದದ್ದು ಕಡಿಮೆ.

ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸಬಹುದು.

ವಾಮನ ತಡಕೋಡ


ಎರೆಹಾಳ
9 ಸೆಪ್ಟೆಂಬರ್ 1984

ಮಾನ್ಯ ತಡಕೋಡ ಅವರಿಗೆ ನಮಸ್ಕಾರಗಳು.

ತಾವು ಏನನ್ನು ಬಿಟ್ಟುಕೊಟ್ಟು ಬರೆದಿರಿ ಎಂದು ನನಗೆ ಗೊತ್ತು. ಅದರಿಂದ ಇಲ್ಲಿ ಏನಾಯಿತೆಂದು ತಮಗೂ ಗೊತ್ತಿರಬೇಕು.

ಕಾಗದವನ್ನು ಅಪ್ಪ ಎರಡು ಸಲ ಓದಿಸಿದ. ಮರುದಿನ ಬೆಳಿಗ್ಗೆ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, “ಲೇ ಗುಡದ್ಯಾ, ಕಾಗದ ತಗೋ. ವಾಡೇಕ ಹೋಗೂಣು ನಡಿ” ಎಂದ. ಸರಸಕ್ಕ ಸತ್ತ ದಿನದ ನಂತರ ಅಪ್ಪ ಆ ಓಣಿಗೆ ಕಾಲಿಟ್ಟಿರಲಿಲ್ಲ.

ದೊಡ್ಡ ಗೌಡರು ಈಗಿಲ್ಲ. ಸರಸಕ್ಕನ ತಮ್ಮ, ಸಣ್ಣ ಗೌಡರು, ಕಟ್ಟೆಯ ಮೇಲೆ ಕುಳಿತಿದ್ದರು. ಇನ್ನೂ ನಾಲ್ಕು ಮಂದಿಯಿದ್ದರು, ಹೊಳೆಪ್ಪನೂ ಇದ್ದ. ನಾವು ಕೆಳಗೆ ನಿಂತೆವು. ಗೌಡರು ತಾವೇ ಓದಿಕೊಂಡು ಕಾಗದ ಮಡಿಚಿದರು.

“ಇದನ್ನ ಅಲ್ಲೇನೋ ನಮ್ಮಪ್ಪ ಸಾಯೂತನ ಹೇಳಿದ್ದು? ಜನವರ್‍ಯಾಗ ಸರ್ಟಿಪಿಕೇಟ್ ಬಂತಂತ ಊರ ತುಂಬ ಬೆಲ್ಲ ಹಂಚಿದ್ರಿ. ಈಗೇನ್ ಹಂಚತಿ?”

ಅಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಅಂಗಡ್ಯಾಂವ ಮೋಸ ಮಾಡಿದ್ನೋ, ನೀ ಮಾಡಿದ್ಯೋ? ಇವತ್ತರ ಖರೇ ಹೇಳು.”

ನಾನು ಬಾಯಿ ತೆರೆದೆ. ಅಪ್ಪ ನನ್ನ ಮೊಣಕೈ ಹಿಡಿದು ಹಿಂದೆ ಸರಿಸಿದ. “ನಾನ ಮಾಡಿದೆರಿ ಎಪ್ಪಾ. ಸೋವಿ ಸಾಮಾನ ತಂದು ರೊಕ್ಕ ಇಟಗೊಂಡೆ. ದೊಡ್ಡ ಗೌಡ್ರು ಹೇಳಿದ್ದು ಖರೇ ಐತ್ರಿ.”

ಬಾಗಿಲ ಹಿಂದೆ ಸರಸಕ್ಕನ ತಾಯಿ ಕುಳಿತಿದ್ದರು. ಅವರ ದನಿ ಮಾತ್ರ ಕೇಳಿತು. “ಹೋಗ್ಲಿ ಬಿಡೋ ಯಪ್ಪಾ, ಕಳಿಸವನ್ನ. ಅಗದಿ ಮುದುಕಾಗ್ಯಾನ.”

ಹಿಂದಿರುಗುವಾಗ ಜಾಲಿಗಿಡದ ಕೆಳಗೆ ನಾನು ಅಪ್ಪನನ್ನು ನಿಲ್ಲಿಸಿ ಜಗಳಾಡಿದೆ. ನನಗೆ ಸಿಟ್ಟು ಬಂದಿತ್ತು. ಕಳ್ಳನ ಮಗ ಎಂದು ಇನ್ನು ಮೇಲೆ ಶಾಲೆಯ ಮಕ್ಕಳೂ ಅನ್ನುತ್ತಾರೆ, ಅಂಗಡಿಯವನ ಮೇಲೆ ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ.

ಅಪ್ಪ ಕೆಳಗೆ ಕುಳಿತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಅಂಗಡ್ಯಾಂವ ಅಂದ್ರ ನಾಳೆ ಮತ್ತೊಬ್ಬ ಯಾಂವರ ಕಾರಣ ಹುಡುಕತಾನ. ಕಳ್ಳ ಸಿಕ್ಕ ಮ್ಯಾಲೆ ಯಾರೂ ಹುಡುಕೂದಿಲ್ಲೋ. ಅವತ್ತು ಗಾಡಿ ಹಳ್ಳದಾಗ ಇದ್ದಾಗನ ಇಳದು ಅದನ್ನ ಬಿಚ್ಚಿಕೊಂಡ ಬಂದಾಂವ ನಾನು. ಕೀಲು ಬಂದಾಗಿತ್ತು. ಬೆರಳಿಗೆ ಎಣ್ಣಿ ಅಂಟು ಹತ್ತಿತು. ನನಗ ಅವತ್ತ ಗೊತ್ತಾತು.”

ಎಣ್ಣೆ ಹಾಕಿದವನು ಅವನಲ್ಲ. ಗ್ರೀಸು ಬಿಟ್ಟು ಏನನ್ನೂ ಹಚ್ಚಬಾರದೆಂದು ಮಿಲಿಟರಿಯಲ್ಲಿ ಕಲಿತಿದ್ದ. ಹುಬ್ಬಳ್ಳಿಯಿಂದ ತಂದ ಭಾಗವನ್ನು ಒಂದು ದಿನ ನಮ್ಮ ಮನೆಯಲ್ಲಿಟ್ಟಿದ್ದ. ನಮ್ಮಲ್ಲಿ ಕುಡಗೋಲಾಗಲಿ ಕೊಡಲಿಯಾಗಲಿ, ಹೊಸ ಸಲಕರಣೆ ಮನೆಗೆ ಬಂದರೆ ಮನೆಯ ಹೆಂಗಸು ಕುಂಕುಮ ಹಚ್ಚಿ ಮೊದಲ ಎಣ್ಣೆ ಎರೆಯುತ್ತಾಳೆ. ಆ ಎಣ್ಣೆಯನ್ನು ಒರೆಸಬಾರದು. ಅವ್ವ ತಾನಾಗಿಯೇ ಮಾಡಿದ್ದಳು, ಕೀಲಿನೊಳಕ್ಕೆ ಇಳಿಯುವಂತೆ, ಧಾರಾಳವಾಗಿ. “ಬಂದು ನೋಡಿದ್ನಿ. ಒರಸಿದ್ರ ಅಕಿ ಮನಸಿಗೆ ಹತ್ತತೈತಿ ಅಂತ ಹಂಗ ತಗೊಂಡ ಹೋಗಿ ಜೋಡಿಸಿದೆ. ತಪ್ಪು ನಂದೋ. ಆದ್ರ ಗೊತ್ತಾದ್ರ ಅಕಿ ‘ತಪ್ಪು ನಂದ’ ಅನ್ನತಾಳ. ಅಕಿ ತಡಕೊಳ್ಳಾಕಿ ಅಲ್ಲ.”

ನಾನು ಅಪ್ಪನನ್ನು ಕಾಯುತ್ತಿದ್ದೇನೆಂದು ತಿಳಿದಿದ್ದೆ. ತಾವು ಬರೆದ ಸುಳ್ಳೂ ಅಪ್ಪನಿಗಾಗಿ ಬರೆದದ್ದು. ಅವನಿಗೆ ಅದು ಬೇಕಾಗಿದ್ದದ್ದು ಬೇರೆ ಕೆಲಸಕ್ಕೆ.

ಭಾಗವನ್ನು ಹಿಂದಿರುಗಿಸಬೇಡಿ. ತಮ್ಮ ಸಂಗ್ರಹದಲ್ಲಿ ಅದನ್ನು ಅಸಲಿ ಎಂದೇ ಬರೆದುಕೊಳ್ಳಿ. ನಮ್ಮ ಊರಿನ ಹೆಸರು ಮಾತ್ರ ಬೇಡ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವ್ವ ಒಲೆಯ ಮುಂದೆ ಕುಳಿತಿದ್ದಳು. “ಖರೇನ?” ಎಂದು ಕೇಳಿದಳು. ಅಪ್ಪ ಹೌದೆಂದ. “ಇಷ್ಟ್ ವರ್ಸ ಬಾವಿ ಕಟ್ಟಿಮ್ಯಾಲೆ ನಾ ಯಾರ ಸಲುವಾಗಿ ಜಗಳಾಡಿದೆ?” ಎಂದಳು. ಅಪ್ಪ ರುಮಾಲನ್ನು ಗೂಟಕ್ಕೆ ಹಾಕಿ ಹಿತ್ತಲಿಗೆ ಹೋದ. ನಾನೂ ಹಿಂದೆ ಹೋದೆ.

ಅಪ್ಪ ಮತ್ತೆ ಹಗ್ಗ ಹೊಸೆಯತೊಡಗಿದ್ದಾನೆ. ಅವನಿಗೆ ಈಗ ಫಕೀರವ್ವ ಊಟಕ್ಕೆ ಇಡುತ್ತಾಳೆ. ಅವ್ವ ನೀರಿಗೆ ಹೋಗುವುದು ಬಾವಿಕಟ್ಟೆ ಬರಿದಾದ ಮೇಲೆ. ಗಾಡಿ ಯಾಕೆ ಹಳ್ಳಕ್ಕೆ ಹೋಯಿತೆಂದು ಅವಳು ಈಗ ಯಾರನ್ನೂ ಕೇಳುವುದಿಲ್ಲ.

ಗುಡದಪ್ಪ